ದಲಾಲಿ ಅಂಗಡಿಯ ದತ್ತಾಂಶಕ್ಕೆ ಬೆಲೆ ಕಟ್ಟಿದ್ದು

2025ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗವು ದೇಶಗಳು ಜಿಡಿಪಿ ಎಣಿಸಲು ಅನುಸರಿಸುವ ರಾಷ್ಟ್ರೀಯ ಲೆಕ್ಕಗಳ ಹೊಸ ಪದ್ಧತಿಯನ್ನು ಅಂಗೀಕರಿಸಿದ ಮೇಲೆ, ದತ್ತಾಂಶವೂ ಯಂತ್ರ, ಕಟ್ಟಡ, ಸಾಫ್ಟ್‌ವೇರ್‌ಗಳಂತೆ ಉತ್ಪಾದಿತ ಸ್ವತ್ತಾಯಿತು. 2008ರ ಪದ್ಧತಿಯು ಡೇಟಾಬೇಸ್ ಸಿದ್ಧಪಡಿಸುವ ವೆಚ್ಚವನ್ನು ಮಾತ್ರ ಎಣಿಸಿ, ಅದರೊಳಗಿನ ಮಾಹಿತಿಯನ್ನು ಹೊರಗಿಟ್ಟಿತ್ತು. ನಾನು ರಾಯಚೂರು, ಗಂಗಾವತಿಗಳ ವ್ಯಾಪಾರಸ್ಥರ ಲೆಕ್ಕಪತ್ರ ನೋಡುವವನು. ಸಂಸ್ಥೆಯು ತಾನೇ ಬೆಳೆಸಿಕೊಂಡ ಗ್ರಾಹಕರ ಪಟ್ಟಿಯನ್ನು ಆಸ್ತಿ ಎಂದು ತೋರಿಸಬಾರದು ಎನ್ನುವ ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಇಷ್ಟು ವರ್ಷ ಸೊನ್ನೆ ಬರೆದ ಜಾಗಕ್ಕೆ ಹೊಸ ಪದ್ಧತಿಯಲ್ಲಿ ಎಷ್ಟು ಮೊತ್ತ ಬರುತ್ತದೆ ಎಂಬ ಕುತೂಹಲದಿಂದ, ಪರಿಚಯದ ಕೆಲವು ಅಂಗಡಿ, ಗಿರಣಿಗಳಲ್ಲಿ ಈ ಲೆಕ್ಕವನ್ನು ಮಾಡಿ ನೋಡಿದೆ.

ರಾಯಚೂರು ಎಪಿಎಂಸಿಯ ದಲಾಲಿ ಅಂಗಡಿಯೊಂದರ ಮಾಲೀಕರು, "ನಮ್ಮತ್ರ ಡೇಟಾ ಎಲ್ಲೈತ್ರಿ ಸಾಹೇಬ್ರ, ಇರೋದು ಬಾಕಿ ಲೆಕ್ಕ ಅಷ್ಟ" ಎಂದರು. ಆದರೆ ಯಾವ ಊರಿನ ಯಾವ ರೈತರು ಎಷ್ಟು ಹತ್ತಿ, ಎಷ್ಟು ಭತ್ತ ತರುತ್ತಾರೆ, ಮುಂಗಡವನ್ನು ಯಾವ ಸುಗ್ಗಿಯಲ್ಲಿ ತೀರಿಸಿದರು ಎಂಬುದೆಲ್ಲ ಆ ಬಾಕಿ ಲೆಕ್ಕದಲ್ಲೇ ಇತ್ತು, ಮತ್ತು ಮುಂದಿನ ಹಂಗಾಮಿನ ಮುಂಗಡವನ್ನು ಅದನ್ನು ನೋಡಿಯೇ ಕೊಡುತ್ತಿದ್ದರು. ಹೊಸ ಪದ್ಧತಿಯ ವ್ಯಾಖ್ಯೆಯಂತೆ ಮಾಹಿತಿಯು ಡಿಜಿಟಲ್ ರೂಪದಲ್ಲಿರಬೇಕು. ಸ್ವತ್ತೆನಿಸಿಕೊಳ್ಳಲು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉತ್ಪಾದನೆಯಲ್ಲಿ ಬಳಕೆಯಾಗಬೇಕು. ಹೀಗಾಗಿ ಗಾದಿಯ ಮೇಲಿನ ಖಾತೆ ಪುಸ್ತಕ ಲೆಕ್ಕಕ್ಕೆ ಬರಲಿಲ್ಲ, ಕಂಪ್ಯೂಟರಿನಲ್ಲಿದ್ದ ಅದೇ ಖಾತೆ ಬಂತು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಪ್ರತಿ ಲೋಡಿನ ತೇವಾಂಶವನ್ನು ಕಂಪ್ಯೂಟರಿಗೇ ಏರಿಸುತ್ತಾರಾದರೂ, ಅಂದಿನ ದರ ಕಟ್ಟಿದ ಮೇಲೆ ಅದನ್ನು ಯಾರೂ ತೆರೆದು ನೋಡುವುದಿಲ್ಲ; ಅದನ್ನು ಬಿಟ್ಟೆ.

ಇಂಥ ದತ್ತಾಂಶಕ್ಕೆ ಮಾರುಕಟ್ಟೆ ಬೆಲೆ ಇಲ್ಲದ್ದರಿಂದ ತಯಾರಿಕೆಯ ವೆಚ್ಚವನ್ನೇ ಕೂಡಿಸಬೇಕಾಗುತ್ತದೆ. ಕೆನಡಾದ ಸಾಂಖ್ಯಿಕ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಪ್ರಾಯೋಗಿಕ ಅಂದಾಜಿನ ಕ್ರಮವನ್ನೇ ಅನುಸರಿಸಿದೆ: ದತ್ತಾಂಶದ ಕೆಲಸಕ್ಕೆ ಹೋದ ಸಮಯದ ಸಂಬಳ, ಇತರ ವೆಚ್ಚಗಳಿಗೆಂದು ಅದರ ಶೇ 50, ಆ ಎರಡರ ಮೊತ್ತದ ಮೇಲೆ ಬಂಡವಾಳದ ಬಾಬ್ತು ಶೇ 3. ಗುಮಾಸ್ತರ ಸಂಬಳ 18,000 ರೂಪಾಯಿ, ಅದರಲ್ಲಿ ಮೂರನೆಯ ಒಂದು ಭಾಗ ದತ್ತಾಂಶದ್ದು ಎಂದಾದರೆ, 6,000 ರೂಪಾಯಿಯು 9,000 ಆಗಿ, ಕೊನೆಗೆ 9,270 ರೂಪಾಯಿಯಾಗುತ್ತದೆ. ಗುಣಾಕಾರ ಸುಲಭ, ಕಷ್ಟವಿರುವುದು ಆ ಮೂರನೆಯ ಒಂದು ಭಾಗದಲ್ಲಿ. ಒಬ್ಬನೇ ಗುಮಾಸ್ತ ಹಮಾಲರ ಕೂಲಿ ಹಂಚುತ್ತಾನೆ, ಬ್ಯಾಂಕಿಗೆ ಹೋಗುತ್ತಾನೆ, ನಡುವೆ ಖಾತೆ ತುಂಬುತ್ತಾನೆ. ಎಷ್ಟು ಹೊತ್ತು ಎಂದು ಮಾಲೀಕರನ್ನು ಕೇಳಿದರೆ ಒಂದು ಉತ್ತರ, ಗುಮಾಸ್ತನನ್ನು ಕೇಳಿದರೆ ಅದರ ಇಮ್ಮಡಿ. ಕೆನಡಾದವರೂ ಹುದ್ದೆವಾರು ಕನಿಷ್ಠ, ಗರಿಷ್ಠ ಪಾಲುಗಳನ್ನು ಊಹಿಸಿಯೇ ದತ್ತಾಂಶ, ಡೇಟಾಬೇಸ್, ದತ್ತಾಂಶ ವಿಜ್ಞಾನ ಮೂರೂ ಸೇರಿದ 2018ರ ಹೂಡಿಕೆಯನ್ನು 29ರಿಂದ 40 ಶತಕೋಟಿ ಕೆನಡಾ ಡಾಲರ್ ಎಂದು ಹೇಳಿದ್ದಾರೆ. ನಾನೂ ಎರಡು ಅಂಕಿಗಳನ್ನೇ ಉಳಿಸಿಕೊಂಡೆ. ಒಂದೇ ಅಂಕಿ ಕೊಡುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಕೊಪ್ಪಳ ಕಡೆಯ ಬೀಜೋತ್ಪಾದಕರೊಬ್ಬರಲ್ಲಿ ತೊಡಕು ಬೇರೆಯಾಗಿತ್ತು. ಅವರ ಪ್ರಯೋಗ ತಾಕುಗಳ ಇಳುವರಿ ದಾಖಲೆ ಅಮೂಲ್ಯವಾದದ್ದೇ, ಆದರೆ ಹೊಸ ತಳಿಗಾಗಿ ನಡೆಸಿದ ಆ ಪ್ರಯೋಗದ ಖರ್ಚು ಸಂಶೋಧನೆ ಮತ್ತು ಅಭಿವೃದ್ಧಿಯ ಹೆಸರಿನಲ್ಲಿ 2008ರ ಪದ್ಧತಿಯಿಂದಲೇ ಸ್ವತ್ತಾಗಿದೆ. ಎರಡನೆಯ ಬಾರಿ ಕೂಡಿಸಿದರೆ ಒಂದೇ ತಾಕನ್ನು ಎರಡು ಸಲ ಕೊಯ್ದಂತೆ. ಯಾವ ರೈತರ ಹೊಲದಲ್ಲಿ ಬೀಜ ಬೆಳೆಸಿದರೆ ಮೊಳಕೆ ಚೆನ್ನಾಗಿರುತ್ತದೆ ಎಂಬ ದಾಖಲೆಯನ್ನಷ್ಟೇ ಇಟ್ಟುಕೊಂಡೆ.

ಸರ್ಕಾರದ ಭೂಮಿ ದಾಖಲೆ, ಬೆಳೆ ಸಮೀಕ್ಷೆಗಳನ್ನೂ ಸೇರಿಸುವಂತೆ ಗೆಳೆಯರೊಬ್ಬರು ಹೇಳಿದರು. ಸರ್ಕಾರದ ಸೇವೆಯನ್ನು ಮೊದಲೇ ವೆಚ್ಚದ ಲೆಕ್ಕದಲ್ಲಿ ಅಳೆಯುವುದರಿಂದ, ಅಲ್ಲಿ ಆ ಮೊತ್ತವು ಬಹುಪಾಲು ಅನುಭೋಗದ ಸಾಲಿನಿಂದ ಬಂಡವಾಳದ ಸಾಲಿಗೆ ಜಾಗ ಬದಲಿಸುತ್ತದೆ ಅಷ್ಟೇ. ಜಿಡಿಪಿ ಏರುವುದು ಮುಖ್ಯವಾಗಿ ಆ ಸ್ವತ್ತಿನ ಸವಕಳಿಯಷ್ಟು. ಖಾಸಗಿ ಅಂಗಡಿಯಲ್ಲಾದರೆ ಸ್ವಂತಕ್ಕೆ ತಯಾರಿಸಿಕೊಂಡ ಇಡೀ ಮೊತ್ತವೇ ಹೊಸ ಉತ್ಪನ್ನ.

ಉಳಿದದ್ದು ಆಯುಷ್ಯ. ಕೆನಡಾದವರು ದತ್ತಾಂಶಕ್ಕೆ 25 ವರ್ಷ, ಡೇಟಾಬೇಸಿಗೆ 5 ವರ್ಷ ಕೊಟ್ಟಿದ್ದಾರೆ. ತುಂಗಭದ್ರಾ ಎಡದಂಡೆಯ ಕೊನೆಯ ಭಾಗದಲ್ಲಿ ಕಾಲುವೆಗೆ ನೀರು ಬಾರದ ವರ್ಷ ಬೆಳೆ ಬದಲಾಗುತ್ತದೆ, ಗುತ್ತಿಗೆಗೆ ಹೊಲ ಮಾಡಿದವರೂ ಬದಲಾಗುತ್ತಾರೆ. ಅಂಥ ಖಾತೆಗೆ 25 ವರ್ಷ ಹೆಚ್ಚೆನಿಸಿ, ದಲಾಲಿ ಅಂಗಡಿಗಳಿಗೆ 5 ವರ್ಷವನ್ನೇ ಹಿಡಿದು ಸವಕಳಿ ತೆಗೆದೆ.