ಪುಸ್ತಕಕ್ಕೊಂದು ಕೆಲಸ ಕೊಟ್ಟು ನೋಡಿ, ಆಮೇಲೆ ದುಡ್ಡು ಕೊಡಿ

ಕಾದಂಬರಿಯನ್ನು ಗೆಳೆಯರ ಮಾತು ನಂಬಿ ತಂದರೂ ನಡೆಯುತ್ತದೆ. ಹಿಡಿಸದಿದ್ದರೆ ಇಪ್ಪತ್ತನೇ ಪುಟಕ್ಕೆ ಮುಚ್ಚಿಟ್ಟರಾಯಿತು. ನಿಘಂಟು, ಜಿಲ್ಲೆಯ ಸಮಗ್ರ ಸರ್ಕಾರಿ ವಿವರ ಕೊಡುವ ಗೆಜೆಟಿಯರ್‌ನಂಥ ಪರಾಮರ್ಶನ ಗ್ರಂಥ, ಮೋಟಾರ್ ರಿವೈಂಡಿಂಗಿನಿಂದ (ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು) ಹಿಡಿದು ಮೆಕ್ಕೆಜೋಳದ ಬೇಸಾಯದವರೆಗಿನ ತಾಂತ್ರಿಕ ಪುಸ್ತಕ, ನಗೆಬರಹದ ಸಂಕಲನ, ಈ ಮೂರರ ವಿಷಯ ಹಾಗಲ್ಲ. ಮೊದಲನೆಯದು ತಪ್ಪು ಹೇಳಿದರೆ ಆ ತಪ್ಪು ನಮ್ಮ ಬರವಣಿಗೆಗೆ ಸೇರುತ್ತದೆ. ಎರಡನೆಯದು ತಪ್ಪಿದರೆ ಮೋಟಾರು ಸುಡುತ್ತದೆ, ಗೊಬ್ಬರದ ದುಡ್ಡು ಮಣ್ಣುಪಾಲಾಗುತ್ತದೆ. ಮೂರನೆಯದು ನಗಿಸದಿದ್ದರೆ ಅದನ್ನು ಓದುವುದೇ ಶಿಕ್ಷೆ. ಒಳ್ಳೆಯದು ಕೆಟ್ಟದ್ದು ತಿಳಿಯಲು ಇಡೀ ಪುಸ್ತಕ ಓದಬೇಕಿಲ್ಲ. ಅದಕ್ಕೊಂದು ಸಣ್ಣ ಕೆಲಸ ಕೊಟ್ಟು ನೋಡಬೇಕು. ದಾವಣಗೆರೆಯ ಅಶೋಕ ರಸ್ತೆಯ ಅಂಗಡಿಯಲ್ಲಿ ನಿಂತೇ ಕಾಲು ಗಂಟೆಯಲ್ಲಿ ಇದು ಆಗುತ್ತದೆ. ಒಂದು ಪೆನ್ಸಿಲ್, ತುಂಡು ಕಾಗದ, ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಎಲ್ಲಕ್ಕಿಂತ ಮೊದಲು ಮುಖಪುಟದ ಹಿಂದಿನ ಮುದ್ರಣ ವಿವರದ ಪುಟ ತೆಗೆಯಿರಿ. ಅಲ್ಲಿ 'ಮುದ್ರಣ' ಎಂದಿದೆಯೋ 'ಪರಿಷ್ಕೃತ ಆವೃತ್ತಿ' ಎಂದಿದೆಯೋ ನೋಡಿ. ಹತ್ತನೇ ಮುದ್ರಣ 2019 ಎಂದಿದ್ದರೂ ಮೊದಲ ಮುದ್ರಣ 1985 ಆಗಿದ್ದು, ನಡುವೆ ಪರಿಷ್ಕರಣೆಯ ಮಾತೇ ಇಲ್ಲದಿದ್ದರೆ, ಕೈಯಲ್ಲಿರುವುದು 1985ರ ತಿಳಿವಳಿಕೆ. ನಗೆಬರಹಕ್ಕೆ ಇದರಿಂದ ಬಾಧಕವಿಲ್ಲ. ಮಿಕ್ಕೆರಡಕ್ಕೆ ಇದೇ ಮೊದಲ ಜರಡಿ.

ತಾಂತ್ರಿಕ ಪುಸ್ತಕ: ಒಂದು ಲೆಕ್ಕ ಮಾಡಿಸಿ

ತಾಂತ್ರಿಕ ಪುಸ್ತಕದ ಮುನ್ನುಡಿಯನ್ನು ಅಂಗಡಿಯಲ್ಲಿ ಓದಬೇಡಿ. ನೇರವಾಗಿ ನಡುವಿಗೆ ಹೋಗಿ, ಬಿಡಿಸಿ ತೋರಿಸಿದ ಒಂದು ಲೆಕ್ಕ ಹುಡುಕಿ. ಲೆಕ್ಕವೇ ಇಲ್ಲದ, ಬರೀ ವಿವರಣೆಯ ಪುಸ್ತಕ ಪರೀಕ್ಷೆಗೆ ಉರು ಹೊಡೆಯಲು ಆದೀತು, ಕೆಲಸಕ್ಕೆ ಆಗದು.

ಎಲೆಕ್ಟ್ರಿಕಲ್ ಪುಸ್ತಕವಾದರೆ 10 ಎಚ್‌ಪಿ ತ್ರೀ ಫೇಸ್ ಮೋಟಾರು ಎಳೆಯುವ ಕರೆಂಟನ್ನು ಅದು ಹೇಗೆ ಲೆಕ್ಕ ಹಾಕುತ್ತದೆ ನೋಡಿ. 10 ಎಚ್‌ಪಿ ಎಂದರೆ 7460 ವ್ಯಾಟ್. ಇದನ್ನು 1.732 (ಮೂರರ ವರ್ಗಮೂಲ, ತ್ರೀ ಫೇಸಿನ ಗುಣಕ) × 415 ವೋಲ್ಟ್‌ನಿಂದ ಭಾಗಿಸಿದರೆ 10.4 ಆಂಪಿಯರ್ ಬರುತ್ತದೆ. ಸುಮಾರು ಪುಸ್ತಕಗಳು ಇಲ್ಲಿಗೇ ನಿಲ್ಲುತ್ತವೆ, ಮತ್ತು ಅದು ತಪ್ಪು. ಆ 7460 ವ್ಯಾಟ್ ಮೋಟಾರಿನ ಶಾಫ್ಟಿನಲ್ಲಿ ಸಿಗುವ ಶಕ್ತಿಯೇ ಹೊರತು ಲೈನಿನಿಂದ ಎಳೆಯುವ ಶಕ್ತಿಯಲ್ಲ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.8, ದಕ್ಷತೆ 0.85 ಎಂದು ಹಿಡಿದು ಅವೆರಡರಿಂದಲೂ ಭಾಗಿಸಿದಾಗ 15.3 ಆಂಪಿಯರ್ ಆಗುತ್ತದೆ. ನೇಮ್ ಪ್ಲೇಟಿನಲ್ಲಿ ಕಾಣುವುದೂ ಇದರ ಆಸುಪಾಸಿನ ಅಂಕಿಯೇ. 10.4 ಎಂದು ನಂಬಿ, ಕರೆಂಟು ಮಿತಿ ಮೀರಿದರೆ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ ಇಟ್ಟರೆ ಪಂಪು ಪೂರ್ತಿ ನೀರು ಎತ್ತುವ ಹೊತ್ತಿಗೆ ಟ್ರಿಪ್ ಆಗುತ್ತಲೇ ಇರುತ್ತದೆ. ಬೇಸತ್ತ ರೈತ ರಿಲೇಯನ್ನೇ ಬೈಪಾಸ್ ಮಾಡಿಸುತ್ತಾನೆ, ಮುಂದಿನ ಬೇಸಿಗೆಗೆ ವೈಂಡಿಂಗ್ ಸುಡುತ್ತದೆ.

ಇನ್ನೂ ಗಟ್ಟಿಯಾಗಿ ಪರೀಕ್ಷಿಸಬೇಕೆಂದರೆ, ಮೋಟಾರನ್ನು ಮೊದಲು ಕಡಿಮೆ ಕರೆಂಟಿನಲ್ಲಿ ಚಾಲೂ ಮಾಡುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನ ಪುಟ ತೆಗೆಯಿರಿ. 'ರಿಲೇಯನ್ನು ಮೋಟಾರಿನ ಪೂರ್ಣ ಕರೆಂಟಿಗೆ ಹೊಂದಿಸಿ' ಎಂದಷ್ಟೇ ಬರೆದಿದ್ದರೆ ಪುಸ್ತಕವನ್ನು ಕೆಳಗಿಡಿ. ರಿಲೇ ಎಲ್ಲಿ ಕೂತಿದೆ ಎಂಬುದೇ ಮುಖ್ಯ. ಲೈನಿನಲ್ಲಿದ್ದರೆ 15.3 ಸರಿ. ಮೇನ್ ಕಾಂಟ್ಯಾಕ್ಟರಿನ (ಸ್ಟಾರ್ಟರಿನೊಳಗಿನ ಮುಖ್ಯ ಸ್ವಿಚ್ಚು) ಕೆಳಗೆ, ವೈಂಡಿಂಗಿಗೆ ಹೋಗುವ ತಂತಿಯಲ್ಲಿದ್ದರೆ ಅದರ ಶೇ. 58, ಅಂದರೆ 8.9 ಆಂಪಿಯರಿಗೆ ಇಡಬೇಕು. ಅಲ್ಲಿಯೂ 15.3ಕ್ಕೇ ಇಟ್ಟರೆ ಲೈನಿನಲ್ಲಿ 26 ಆಂಪಿಯರ್ ಹರಿಯುವ ತನಕ ರಿಲೇಗೆ ಏನೂ ಗೊತ್ತಾಗುವುದಿಲ್ಲ. ಈ ಒಂದು ಸಾಲನ್ನು ಸರಿಯಾಗಿ ಬರೆದ ಲೇಖಕರು ಸ್ಟಾರ್ಟರಿನ ಮುಚ್ಚಳ ತೆಗೆದು ನೋಡಿದವರು ಎಂದು ಧೈರ್ಯವಾಗಿ ಹೇಳಬಹುದು. ಅವರ ಉಳಿದ ಪುಟಗಳನ್ನೂ ನಂಬಬಹುದು.

ರಿವೈಂಡಿಂಗ್ ಪುಸ್ತಕದಲ್ಲಿ ತಂತಿಯ ಗೇಜ್ ಕೋಷ್ಟಕ ನೋಡಿ. ನಮ್ಮ ಅಂಗಡಿಗಳಲ್ಲಿ 'ಇಪ್ಪತ್ತರ ಗೇಜು' ಎಂದರೆ ಎಸ್‌ಡಬ್ಲ್ಯುಜಿ (ಬ್ರಿಟಿಷ್ ತಂತಿ ಅಳತೆ) ಲೆಕ್ಕ, ದಪ್ಪ 0.914 ಮಿಮೀ. ಅಮೆರಿಕದ ಪುಸ್ತಕದಿಂದ ಎತ್ತಿದ ಕೋಷ್ಟಕದಲ್ಲಿ ಅದೇ 20 ಎಂದರೆ ಎಡಬ್ಲ್ಯುಜಿ, ದಪ್ಪ 0.812 ಮಿಮೀ. ಎರಡರ ಅಡ್ಡಕೊಯ್ತದಲ್ಲಿ ಐದನೇ ಒಂದು ಭಾಗದಷ್ಟು ವ್ಯತ್ಯಾಸ. ಕೋಷ್ಟಕದ ತಲೆಯ ಮೇಲೆ ಯಾವ ಗೇಜ್ ಎಂದು ಬರೆದಿಲ್ಲದಿದ್ದರೆ, ಪಕ್ಕದಲ್ಲಿ ಮಿಮೀ ಅಂಕಿಯೂ ಇಲ್ಲದಿದ್ದರೆ, ಆ ಕೋಷ್ಟಕ ಅಪಾಯದ್ದು. ತೆಳು ತಂತಿ ಸುತ್ತಿದ ಮೋಟಾರು ತಿರುಗುತ್ತದೇನೋ ನಿಜ, ಆದರೆ ಕಾಯುತ್ತದೆ.

ಕೃಷಿ ಪುಸ್ತಕಕ್ಕೆ ಗೊಬ್ಬರದ ಲೆಕ್ಕವೇ ಸಾಕು. 'ಹೆಕ್ಟೇರಿಗೆ 100 ಕೆಜಿ ಸಾರಜನಕ' ಎಂದು ಪುಸ್ತಕ ಹೇಳುತ್ತದೆ ಎಂದುಕೊಳ್ಳಿ. ರೈತನಿಗೆ ಬೇಕಾದದ್ದು ಎಕರೆಗೆ ಎಷ್ಟು ಚೀಲ ಯೂರಿಯಾ ಎಂಬುದು. ಒಂದು ಹೆಕ್ಟೇರ್ ಎಂದರೆ 2.47 ಎಕರೆ. ಹಾಗಾಗಿ ಎಕರೆಗೆ ಸುಮಾರು 40 ಕೆಜಿ ಸಾರಜನಕ. ಯೂರಿಯಾದಲ್ಲಿ ಸಾರಜನಕ ಶೇ. 46, ಆದ್ದರಿಂದ 88 ಕೆಜಿ, ಹತ್ತಿರ ಹತ್ತಿರ ಎರಡು ಚೀಲ. ಹೆಕ್ಟೇರನ್ನು ಎಕರೆ ಎಂದು ಓದಿಕೊಂಡು, ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಹೆಚ್ಚುಕಡಿಮೆ ಐದು ಚೀಲ ಸುರಿದರೆ ದುಡ್ಡಿಗೂ ದಂಡ, ಬೆಳೆಗೂ ದಂಡ. ಲೆಕ್ಕವನ್ನು ಚೀಲದವರೆಗೆ ಬಿಡಿಸಿಕೊಡುವ ಪುಸ್ತಕ ಒಳ್ಳೆಯದು. ಅದರಲ್ಲೂ ಒಂದು ಎಚ್ಚರ: ಯೂರಿಯಾ ಚೀಲ 2018ಕ್ಕೆ ಮುಂಚೆ 50 ಕೆಜಿ ಇತ್ತು, ಆಮೇಲೆ 45 ಆಯಿತು. ಹಳೆಯ ಪುಸ್ತಕದ ಚೀಲದ ಲೆಕ್ಕವನ್ನು ಕೆಜಿಗೆ ತಿರುಗಿಸಿಕೊಂಡೇ ಬಳಸಿ.

ಯಾವ ವಿಶ್ವವಿದ್ಯಾಲಯದ ಪುಸ್ತಕ ಎಂಬುದೂ ಮುಖ್ಯ. ದಾವಣಗೆರೆ, ಚಿತ್ರದುರ್ಗ ಎರಡೂ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಶಿಫಾರಸುಗಳು ಜಿಲ್ಲೆಯ ಹೆಸರಿನ ಮೇಲಲ್ಲ, ಕೃಷಿ ಹವಾಮಾನ ವಲಯದ ಮೇಲೆ ನಿಂತಿವೆ. ಜಗಳೂರು, ಚಳ್ಳಕೆರೆ, ಹಿರಿಯೂರು ಮಧ್ಯ ಒಣ ವಲಯದಲ್ಲಿವೆ. ಚನ್ನಗಿರಿ, ಹೊನ್ನಾಳಿ ದಕ್ಷಿಣ ಸಂಕ್ರಮಣ ವಲಯದಲ್ಲಿವೆ. ಒಂದೇ ಜಿಲ್ಲೆಯ ಜಗಳೂರಿನವರಿಗೂ ಚನ್ನಗಿರಿಯವರಿಗೂ ಬೇಕಾದ ಪುಟ ಬೇರೆ. ವಲಯದ ಹೆಸರೇ ಎತ್ತದೆ 'ಕರ್ನಾಟಕಕ್ಕೆ' ಎಂದು ಒಂದೇ ಅಂಕಿ ಕೊಡುವ ಪುಸ್ತಕವನ್ನು ಬಿಡಿ. ಅನುಮಾನ ಬಂದ ಅಂಕಿಯನ್ನು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ಹಿರಿಯೂರಿನ ಕೃಷಿ ಸಂಶೋಧನಾ ಕೇಂದ್ರವಾದ ಬಬ್ಬೂರು ಫಾರಂನಲ್ಲೋ ಕೇಳಿ ಖಚಿತ ಮಾಡಿಕೊಳ್ಳಬಹುದು.

ಭಾಷೆಯ ಬಗ್ಗೆ ಒಂದೇ ಮಾತು. ಪಾರಿಭಾಷಿಕ ಪದ ಟಂಕಿಸುವುದು ತಪ್ಪಲ್ಲ. ಆದರೆ ಆ ಪದದ ಜೊತೆಗೆ ವರ್ಕ್‌ಶಾಪಿನಲ್ಲಿ ಆಡುವ ಪದ ಒಮ್ಮೆಯಾದರೂ ಬಂದಿರಬೇಕು. ಇಲ್ಲದಿದ್ದರೆ ಓದಿದವರು ಬಿಡಿಭಾಗದ ಅಂಗಡಿಯ ಮುಂದೆ ನಿಂತು ಏನು ಕೇಳಬೇಕೆಂದು ತಿಳಿಯದೆ ವಾಪಸ್ ಬರುತ್ತಾರೆ.

ಪರಾಮರ್ಶನ ಗ್ರಂಥ: ನಿಮಗೆ ಗೊತ್ತಿರುವುದನ್ನೇ ಕೇಳಿ

ಗೊತ್ತಿಲ್ಲದ್ದನ್ನು ಹುಡುಕಿ ನಿಘಂಟನ್ನು ಪರೀಕ್ಷಿಸಲಾಗದು, ಅದು ಹೇಳಿದ್ದನ್ನು ಒಪ್ಪುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ನಿಮಗೆ ಕೈಯಾರೆ ಗೊತ್ತಿರುವ ಐದು ಪದ ಬರೆದುಕೊಂಡು ಹೋಗಿ: ಕೂರಿಗೆ, ಎಡೆಕುಂಟೆ, ಬತ್ತೇರಿ, ಹೊಂಡ, ಮಂಡಕ್ಕಿ. ಕೂರಿಗೆಗೆ 'ಒಂದು ಬೇಸಾಯದ ಉಪಕರಣ' ಎಂದಷ್ಟೇ ಬರೆದ ನಿಘಂಟು ನಿಮಗೆ ಏನನ್ನೂ ಹೇಳಿಲ್ಲ. ಬಟ್ಟಲಿಗೆ ಹಾಕಿದ ಬೀಜ ಕೊಳವೆಗಳ ಮೂಲಕ ಸಾಲಿಗೆ ಇಳಿಯುತ್ತದೆ ಎಂದು ಹೇಳಿದ್ದರೆ ಬರೆದವರಿಗೆ ಕೂರಿಗೆ ಗೊತ್ತು. ಹೊಂಡಕ್ಕೆ ಬರೀ 'ಹಳ್ಳ, ಗುಂಡಿ' ಎಂದಿದೆಯೋ, ಚಿತ್ರದುರ್ಗದ ಸಂತೆಹೊಂಡದಂತೆ ಮೆಟ್ಟಿಲು ಕಟ್ಟಿದ ಕೊಳ ಎಂಬ ಅರ್ಥವೂ ಇದೆಯೋ ನೋಡಿ. ಒಂದು ಪದದಿಂದ ಇನ್ನೊಂದಕ್ಕೆ ಕಳಿಸಿ, ಅಲ್ಲಿಂದ ಮತ್ತೆ ಮೊದಲಿನದಕ್ಕೇ ಕಳಿಸುವ ನಿಘಂಟನ್ನು ಕೊಳ್ಳಲೇಬೇಡಿ. ಐದರಲ್ಲಿ ಮೂರಕ್ಕಾದರೂ ನೀವೇ ಒಪ್ಪುವ ಅರ್ಥ ಸಿಗಬೇಕು.

ಮನೆಗೆ ತಂದ ಮೇಲೆ ಮೊದಲು 'ಬಳಸುವ ಕ್ರಮ' ಮತ್ತು ಸಂಕ್ಷೇಪಾಕ್ಷರಗಳ ಪಟ್ಟಿ ಓದಿ. ಅನುಸ್ವಾರದ ಪದಗಳನ್ನು ಎಲ್ಲಾ ನಿಘಂಟುಗಳೂ ಒಂದೇ ಜಾಗದಲ್ಲಿ ಇಡುವುದಿಲ್ಲ, ಕ್ಷ-ಜ್ಞಗಳ ಕಥೆಯೂ ಅದೇ. 'ಅಂಗಡಿ' ಎಲ್ಲಿದೆ ಎಂದು ಒಮ್ಮೆ ಹುಡುಕಿಕೊಂಡರೆ, ಇರುವ ಪದವನ್ನೇ ಇಲ್ಲ ಎಂದುಕೊಳ್ಳುವುದು ತಪ್ಪುತ್ತದೆ. ತಪ್ಪು-ಒಪ್ಪುಗಳ ಪಟ್ಟಿ ಇದ್ದರೆ ಅದು ಪುಸ್ತಕದ ಕುಂದಲ್ಲ, ಸಂಪಾದಕರ ಪ್ರಾಮಾಣಿಕತೆ. ಆ ತಿದ್ದುಪಡಿಗಳನ್ನು ಮೊದಲ ದಿನವೇ ಪೆನ್ಸಿಲಿನಲ್ಲಿ ಆಯಾ ಪುಟಕ್ಕೆ ಹಾಕಿ. ಆಮೇಲೆ ಯಾರೂ ಹಾಕುವುದಿಲ್ಲ.

ಗೆಜೆಟಿಯರ್, ಜಿಲ್ಲಾ ದರ್ಶನದಂಥವನ್ನು ನಮ್ಮ ಭಾಗದಲ್ಲಿ ಬಳಸುವವರು ಗಡಿಯನ್ನು ಕಣ್ಣಲ್ಲಿ ಇಟ್ಟುಕೊಳ್ಳಬೇಕು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಹಾಗಾಗಿ 1967ರ ಚಿತ್ರದುರ್ಗ ಜಿಲ್ಲಾ ಗೆಜೆಟಿಯರಿನಲ್ಲಿ ಹರಿಹರ ಸಿಗುತ್ತದೆ, ಹೊನ್ನಾಳಿ ಸಿಗುವುದಿಲ್ಲ. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಇದರಿಂದ ಒಂದು ಒಳ್ಳೆಯ ಪರೀಕ್ಷೆ ಸಿಗುತ್ತದೆ. 2011ರ ಜನಗಣತಿಯಲ್ಲಿ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 19.45 ಲಕ್ಷ, ಅದರಲ್ಲಿ ಹರಪನಹಳ್ಳಿಯೂ ಸೇರಿದೆ. ಇತ್ತೀಚಿನ ಪುಸ್ತಕವೊಂದು ಹರಪನಹಳ್ಳಿ ಇಲ್ಲದ ನಕ್ಷೆಯ ಕೆಳಗೆ ಯಾವ ಟಿಪ್ಪಣಿಯೂ ಇಲ್ಲದೆ 19.45 ಲಕ್ಷ ಎಂದು ಬರೆದಿದ್ದರೆ, ಅಂಕಿ ಒಂದು ಕಡೆಯಿಂದ, ನಕ್ಷೆ ಇನ್ನೊಂದು ಕಡೆಯಿಂದ ಎತ್ತಿದ್ದು ಎಂದು ತಿಳಿಯಿರಿ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳನ್ನು ಮೊದಲು ಈ ಜರಡಿಗೆ ಹಾಕಿ.

ಶಾಸನ ಹುಡುಕುವವರಿಗೂ ಇದೇ ಎಚ್ಚರ ಬೇಕು. ಬಿ. ಎಲ್. ರೈಸ್ ಅವರ ಶಾಸನ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಆವೃತ್ತಿಯಲ್ಲಿ ದಾವಣಗೆರೆ ತಾಲ್ಲೂಕಿನ ಶಾಸನಗಳು ಚಿತ್ರದುರ್ಗದ 11ನೇ ಸಂಪುಟದಲ್ಲಿವೆ, ಹೊನ್ನಾಳಿ, ಚನ್ನಗಿರಿಯವು ಶಿವಮೊಗ್ಗದ 7ನೇ ಸಂಪುಟದಲ್ಲಿ. ಮೈಸೂರು ವಿಶ್ವವಿದ್ಯಾಲಯದ ಹೊಸ ಆವೃತ್ತಿಯಲ್ಲಿ ಸಂಪುಟಗಳ ಹಂಚಿಕೆಯೇ ಬದಲಾಗಿದೆ. ಬರೀ ಸಂಪುಟದ ಸಂಖ್ಯೆ ಕೊಟ್ಟು ಆವೃತ್ತಿ ಹೇಳದ ಅಡಿಟಿಪ್ಪಣಿ ನಿಮ್ಮನ್ನು ಬೇರೆ ಜಿಲ್ಲೆಗೆ ಕಳಿಸುತ್ತದೆ. ವಿಶ್ವಕೋಶದಂಥ ದೀರ್ಘ ಯೋಜನೆಗಳಲ್ಲಿ ಅಕ್ಷರವೇ ವಯಸ್ಸು ಹೇಳುತ್ತದೆ. ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರದ್ದು, 14ನೆಯದು 2004ರದ್ದು. ಆ ಮೊದಲ ಮುದ್ರಣದಲ್ಲಿ ಅಕಾರದ ವಿಜ್ಞಾನ ಲೇಖನಕ್ಕೂ ಹಕಾರದ್ದಕ್ಕೂ ಒಂದು ತಲೆಮಾರಿನ ಅಂತರವಿದೆ.

ಹಳೆಯ ಪ್ರತಿಯಾದರೆ ಫಾರಂ ಎಣಿಸಿ. ಪುಸ್ತಕಗಳನ್ನು ಸಾಮಾನ್ಯವಾಗಿ 16 ಪುಟದ ಫಾರಂಗಳಾಗಿ ಮಡಚಿ ಹೊಲಿಯುತ್ತಾರೆ, ಆದ್ದರಿಂದ ಕಳೆದುಹೋದರೆ ಒಂದೊಂದೇ ಪುಟವಲ್ಲ, ಹದಿನಾರಕ್ಕೆ ಹದಿನಾರೂ ಹೋಗಿರುತ್ತವೆ. 16-17, 32-33, 48-49, ಹೀಗೆ ಸಂದುಗಳನ್ನಷ್ಟೇ ತೆರೆದು ನೋಡಿದರೆ ಎರಡು ನಿಮಿಷದ ಕೆಲಸ. ಕೊನೆಯ ಕೋಷ್ಟಕಗಳು, ಮಡಚಿದ ನಕ್ಷೆಗಳು ಇವೆಯೇ ನೋಡಿ, ಹರಿದುಕೊಂಡು ಹೋಗುವುದು ಅವನ್ನೇ. ನಿಘಂಟು ಹೊಲಿಗೆಯದ್ದೇ ಇರಲಿ. ಬರೀ ಗೋಂದಿನ ಬೈಂಡಿಂಗಿನ ದಪ್ಪ ಪುಸ್ತಕವನ್ನು ಮೇಜಿನ ಮೇಲೆ ಅಗಲಿಸಿದರೆ ನಡುವೆ ಸೀಳುತ್ತದೆ.

ನಗೆಬರಹ: ಗಟ್ಟಿಯಾಗಿ ಓದಿ

ಇಲ್ಲಿ ಲೆಕ್ಕ ನಡೆಯುವುದಿಲ್ಲ, ಕಿವಿ ಬೇಕು. ಮೊದಲ ಲೇಖನ ಬಿಡಿ, ಪ್ರಕಾಶಕರು ಒಳ್ಳೆಯದನ್ನೇ ಮುಂದೆ ಇಟ್ಟಿರುತ್ತಾರೆ. ನಡುವಿನಿಂದ ಒಂದು ಪುಟ ತೆಗೆದು ತುಟಿಯಲ್ಲೇ ಆದರೂ ಸದ್ದು ಮಾಡಿ ಓದಿ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಬಲ್ಲ ಲೇಖಕರು ನಗೆಯನ್ನು ಅಲ್ಲೇ ಅಡಗಿಸಿಡುತ್ತಾರೆ. ಉದಾಹರಣೆಗೆ ಈ ವಾಕ್ಯ: 'ವರದಕ್ಷಿಣೆ ಖಡಾಖಂಡಿತ ಬೇಡ ಎಂದ ಯಜಮಾನರು, ಬೀಗರ ಊರಿಂದ ಬರುವ ಲಾರಿ ತಿರುಗಲು ಅಂಗಳ ಸಾಲದೆಂದು ಕಾಂಪೌಂಡ್ ಒಡೆಸಿದರು.' ಕೊನೆಯ ಎರಡು ಪದದ ತನಕ ಯಜಮಾನರು ದೊಡ್ಡ ಮನುಷ್ಯರೇ. ಇದೇ ವಾಕ್ಯದ ಬೆನ್ನಿಗೆ 'ಎಂಥ ಆಸೆಬುರುಕರು ನೋಡಿ!' ಎಂದು ಸೇರಿಸಿದ ಲೇಖಕರಿಗೆ ಓದುಗರ ಮೇಲೆ ನಂಬಿಕೆಯಿಲ್ಲ. ಪುಟಕ್ಕೆ ಆರೇಳು ಆಶ್ಚರ್ಯಸೂಚಕ ಚಿಹ್ನೆ ಕಂಡರೆ ಇದೇ ರೋಗ ಎಂದು ಊಹಿಸಬಹುದು.

ಎರಡನೇ ಪರೀಕ್ಷೆ, ಅದೇ ಪುಟವನ್ನು ತಕ್ಷಣ ಮತ್ತೊಮ್ಮೆ ಓದುವುದು. ಬರೀ ಜೋಕಿನ ಮೇಲೆ ನಿಂತದ್ದು ಎರಡನೇ ಸಲಕ್ಕೆ ಸಪ್ಪೆಯಾಗುತ್ತದೆ. ಮನುಷ್ಯರ ಸ್ವಭಾವದಿಂದ ಹುಟ್ಟಿದ ನಗೆ ಉಳಿಯುತ್ತದೆ, ಒಮ್ಮೊಮ್ಮೆ ಹೆಚ್ಚುತ್ತದೆ. ಯಾರನ್ನು ನೋಡಿ ನಗಿಸುತ್ತಿದ್ದಾರೆ ಎಂಬುದನ್ನೂ ಗಮನಿಸಿ. ಉಗ್ಗು, ಬಣ್ಣ, ಬಡತನ, ಹೆಂಡತಿ ಇಷ್ಟರಲ್ಲೇ ಸುತ್ತುವ ಸಂಕಲನಕ್ಕೆ ಮನೆಯಲ್ಲಿ ಜಾಗ ಕೊಡುವುದು ಬೇಡ. ಆಡುಮಾತು ಬಳಸಿದ್ದರೆ ಅದು ಒಂದೇ ಊರಿನದಾಗಿರಬೇಕು. ದಾವಣಗೆರೆಯವರ ಕಿವಿಗೆ ಧಾರವಾಡದ ಮಾತೂ ಗೊತ್ತು, ಮೈಸೂರಿನದೂ ಗೊತ್ತು, ಒಂದೇ ಪಾತ್ರದ ಬಾಯಲ್ಲಿ ಎರಡೂ ಬಂದರೆ ಥಟ್ಟನೆ ಸಿಕ್ಕಿಬೀಳುತ್ತದೆ.

ಅಂಕಣಗಳ ಸಂಕಲನವಾದರೆ ಪ್ರತಿ ಲೇಖನದ ಕೆಳಗೆ ತಾರೀಖು ಇದೆಯೇ ನೋಡಿ. ಯಾವ ಮಂತ್ರಿ, ಯಾವ ಬೆಲೆ ಏರಿಕೆ ಎಂದು ತಿಳಿಯದೆ ಹೋದರೆ ಅರ್ಧ ನಗೆ ಕೈತಪ್ಪುತ್ತದೆ. ಓದುವಾಗ ಒಂದು ಸಲಕ್ಕೆ ಎರಡು ಮೂರು ಲೇಖನಕ್ಕೆ ನಿಲ್ಲಿಸಿ. ಹಾಸ್ಯ ಲೇಖಕ ರಾಶಿಯವರು (ಡಾ. ಎಂ. ಶಿವರಾಂ) 1942ರಲ್ಲಿ ಆರಂಭಿಸಿದ ಕೊರವಂಜಿಯಂಥ ಮಾಸಪತ್ರಿಕೆಗಳಲ್ಲಿ ನಗೆಬರಹ ತಿಂಗಳಿಗೊಮ್ಮೆ ಬರುತ್ತಿತ್ತು, ವಾರದ ಅಂಕಣ ವಾರಕ್ಕೊಮ್ಮೆ. ಅಷ್ಟು ಬಿಡುವಿಟ್ಟು ಓದಲೆಂದು ಬರೆದದ್ದನ್ನು ಒಂದೇ ರಾತ್ರಿ ಇಪ್ಪತ್ತು ಓದಿದರೆ ಲೇಖಕರ ವರಸೆ ಬಯಲಾಗಿ, ಒಳ್ಳೆಯ ಪುಸ್ತಕವೂ ಬೇಸರ ತರಿಸುತ್ತದೆ.