ಎಕ್ಸ್‌ಟೆನ್ಶನ್ ಹಿಂದಿನ ಕೈಗೆ, ಮುಂದಿನ ಕೈಗಲ್ಲ

ವೈಟ್ ಬಾಲು ಟೇಬಲ್ಲಿನ ನಟ್ಟನಡುವೆ ಬಂದು ನಿಂತರೆ ನಮ್ಮ ಕಲಬುರಗಿ ಪೂಲ್ ಪಾರ್ಲರುಗಳಲ್ಲಿ ಸಾಮಾನ್ಯವಾಗಿ ಎರಡೇ ದಾರಿ. ಒಂದು, ಕುಶನ್ ಮೇಲೆ ಹೊಟ್ಟೆ ಹಚ್ಚಿ ಚಾಚುವುದು. ಇನ್ನೊಂದು, 'ಅಣ್ಣಾ, ಜರಾ ರೆಸ್ಟ್ ಕೊಡ್ರಿ' ಅಂತ ಕ್ಯೂ (ಹೊಡೆಯುವ ಕೋಲು) ಊರುವ ಕವಲು ಕೋಲು ಕೇಳುವುದು. ಚೀಲದಲ್ಲಿ ಕ್ಯೂ ಉದ್ದ ಮಾಡುವ ತುಂಡು, ಅಂದರೆ ಎಕ್ಸ್‌ಟೆನ್ಶನ್ ಇಟ್ಟುಕೊಂಡವರೂ ಅದನ್ನು ಹಚ್ಚಿ, ಕೈ ಮಾತ್ರ ಹಳೇ ಜಾಗದಲ್ಲೇ ಇಟ್ಟು ಹೊಡೆಯುತ್ತಾರೆ. ಬಾಲು ತಪ್ಪಿದರೆ ಬೈಗುಳ ಎಕ್ಸ್‌ಟೆನ್ಶನ್ನಿಗೆ. ಅದರಿಂದ ಮುಂದಿನ ಕೈ ಒಂದಿಂಚೂ ಮುಂದೆ ಹೋಗುವುದಿಲ್ಲ, ಅದು ಜಾಗ ಮಾಡಿಕೊಡುವುದು ಹಿಂದಿನ ಕೈಗೆ.

ನಾನು ಹಿಡಿಯುವ ಲೆಕ್ಕ ಇದು. ಕ್ಯೂ 58 ಇಂಚು, 540 ಗ್ರಾಂ. ಸಾಮಾನ್ಯ ಶಾಟಿಗೆ ಬ್ರಿಡ್ಜಿನಿಂದ (ಮುಂದಿನ ಕೈ ಊರುವ ಜಾಗ) ಟಿಪ್ಪಿನವರೆಗೆ (ಬಾಲಿಗೆ ತಾಗುವ ತುದಿ) 9 ಇಂಚು. ಹಿಂದಿನ ಕೈ ಬಟ್ಟಿನ (ಕ್ಯೂ ಹಿಂದಿನ ದಪ್ಪ ಭಾಗ) ತುದಿಯಿಂದ 4 ಇಂಚು ಈಚೆಗೆ. ಅಂದರೆ ಎರಡು ಕೈಗಳ ನಡುವೆ 45 ಇಂಚು. ಹಿಂದಿನ ಕೈ 5 ಮಿ.ಮೀ. ಪಕ್ಕಕ್ಕೆ ಸರಿದರೆ ಟಿಪ್ 1 ಮಿ.ಮೀ. ಸರಿಯುತ್ತದೆ. ಈಗ ವೈಟ್ ದೂರ ಇದೆ, ಬ್ರಿಡ್ಜ್ 15 ಇಂಚು ಆಯಿತು ಅನ್ನಿ. ಬಟ್ಟಿನ ಕಟ್ಟಕಡೆಯ ಇಂಚಿನಲ್ಲಿ ಹಿಡಿದರೂ ಕೈಗಳ ನಡುವೆ 42 ಇಂಚೇ ಉಳಿಯುತ್ತದೆ. ಮುಂಗೈ ನೆಟ್ಟಗೆ ಇಳಿಬೀಳುವುದು ಬಿಟ್ಟು ಮುಂದಕ್ಕೆ ವಾಲುತ್ತದೆ, ಅದೇ 5 ಮಿ.ಮೀ. ತಪ್ಪು ಟಿಪ್ಪಿನಲ್ಲಿ 1.8 ಮಿ.ಮೀ. ಆಗುತ್ತದೆ. 6 ಇಂಚಿನ ಎಕ್ಸ್‌ಟೆನ್ಶನ್ ಹಚ್ಚಿ, ಹೊಸ ತುದಿಯಿಂದ 4 ಇಂಚು ಬಿಟ್ಟು ಹಿಡಿದರೆ ಬರೋಬ್ಬರಿ 45 ಇಂಚು ವಾಪಸ್ ಬರುತ್ತದೆ. ಮುಂಗೈ ಮತ್ತೆ ನೆಟ್ಟಗಾಗುತ್ತದೆ. ಆದರೆ ಟಿಪ್ಪಿನ ತಪ್ಪು ಇನ್ನೂ 1.7 ಮಿ.ಮೀ. ಹತ್ತಿರವೇ ಇರುತ್ತದೆ, ಯಾಕಂದರೆ ಬ್ರಿಡ್ಜ್ ಇನ್ನೂ 15 ಇಂಚೇ. ಅದಕ್ಕೇ ಇಂಥ ಶಾಟಿನಲ್ಲಿ ನಾನು ಸೈಡ್ (ವೈಟ್ ನಡು ಬಿಟ್ಟು ಪಕ್ಕಕ್ಕೆ ಹೊಡೆಯುವುದು) ಹಾಕುವುದಿಲ್ಲ. 15 ಇಂಚು ದಾಟಿದರೆ ಎಕ್ಸ್‌ಟೆನ್ಶನ್ ಬಿಟ್ಟು ರೆಸ್ಟ್ ತೆಗೆದುಕೊಳ್ಳುತ್ತೇನೆ. ರೆಸ್ಟಿನಲ್ಲಿ ಬ್ರಿಡ್ಜ್ 7–8 ಇಂಚಿಗೆ ಇಳಿಯುತ್ತದೆ.

ಇನ್ನು ಯಾವಾಗಲೂ ಉದ್ದ ಕ್ಯೂ ಬೇಕೇ ಅನ್ನುವುದು. ಸುಲಭದ ಶಾಟಿಗೆ ಬಗ್ಗಿ, ಟಿಪ್ಪನ್ನು ವೈಟ್ ಹತ್ತಿರ ತಂದು, ಮುಂಗೈ ನೆಟ್ಟಗೆ ಬಿಡಿ. ಕೈಯ ಹಿಂದೆ ಬಟ್ ಎಷ್ಟು ಉಳಿಯಿತು ಅಂತ ಗೆಳೆಯರಿಂದ ಟೇಪ್ ಹಿಡಿಸಿ ನೋಡಿ. 2ರಿಂದ 4 ಇಂಚು ಉಳಿದರೆ 58 ಇಂಚೇ ಸರಿ. ಕಿರುಬೆರಳು ಬಂಪರ್ (ಬಟ್ಟಿನ ತುದಿಯ ರಬ್ಬರ್) ಮೇಲೆ ಬಿದ್ದರೆ 60 ಅಥವಾ 62 ಇಂಚಿಗೆ ಹೋಗಬಹುದು. ಅಮೆರಿಕದ ಪೂಲ್ ಆಟಗಾರ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಮಾಮೂಲಿ ಶಾಟಿಗೂ ಭಾರೀ ಉದ್ದದ ಕ್ಯೂ ಹಿಡಿದು ಆಡುತ್ತಿದ್ದುದನ್ನು ಕಂಡು ಆಸೆಪಡುವವರು ಮೊದಲು ಕೋಣೆ ಅಳೆಯಬೇಕು. 8 ಅಡಿಯ ಪೂಲ್ ಟೇಬಲ್ಲಿನ ಆಡುವ ಜಾಗ 88 × 44 ಇಂಚು. 62 ಇಂಚಿನ ಕ್ಯೂ ಎರಡೂ ಪಕ್ಕ ಹಿಡಿಸಲು ಅಡ್ಡಕ್ಕೆ 14 ಅಡಿ, ಹಿಂದಕ್ಕೆ ಎಳೆಯಲು ಪ್ರತಿ ಪಕ್ಕಕ್ಕೆ 6 ಇಂಚು ಸೇರಿಸಿದರೆ 15 ಅಡಿ ಬೇಕು. ನಡುವೆ ಕಂಬ ಇರುವ ಹಾಲಿನಲ್ಲಿ ಉದ್ದ ಕ್ಯೂ ಶಿಕ್ಷೆಯೇ. ಅಲ್ಲಿ ತೆಗೆದು ಹಾಕಬಹುದಾದ ಎಕ್ಸ್‌ಟೆನ್ಶನ್ ಲೇಸು.

ಎಕ್ಸ್‌ಟೆನ್ಶನ್ನಿನಲ್ಲಿ ಎರಡು ಜಾತಿ. ಬಟ್ಟಿನ ಹಿಂದೆ ಬಂಪರ್ ಬಿಚ್ಚಿ ತಿರುಗಿಸಿ ಹಚ್ಚುವುದು ಒಂದು. ಬಟ್ಟು ಮತ್ತು ಶಾಫ್ಟು (ಮುಂದಿನ ಸಪೂರ ಭಾಗ) ಕೂಡುವ ನಡುವಿನ ಜಾಯಿಂಟಿನಲ್ಲಿ ಸೇರಿಸುವುದು ಇನ್ನೊಂದು. ಹಿಂದಿನದರಿಂದ ಸಮತೋಲ ಹಿಂದೆ ಸರಿಯುತ್ತದೆ. ತೋರುಬೆರಳ ಮೇಲೆ ಕ್ಯೂ ತೂಗಿಸಿ ಗುರುತು ಹಾಕಿ ನೋಡಿದರೆ, 6 ಇಂಚು ಉದ್ದ, 85 ಗ್ರಾಂ ತೂಕದ ತುಂಡು ಹಚ್ಚಿದಾಗ ಗುರುತು ಹೆಚ್ಚುಕಡಿಮೆ 3 ಇಂಚು ಬಟ್ ಕಡೆಗೆ ಹೋಗುತ್ತದೆ. ಹಳೇ ಜಾಗದಲ್ಲೇ ಹಿಡಿದರೆ ಮುಂಭಾಗ ಹಗುರಾಗಿ ಟಿಪ್ ಏಳುವುದು ಇದಕ್ಕೇ. ನಡುವಿನದು ಸಮತೋಲವನ್ನು ಕೈಯಿಂದ ಮುಂದಕ್ಕೆ ಒಯ್ಯುತ್ತದೆ, ಇಡೀ ಆಟ ಅದನ್ನೇ ಹಚ್ಚಿಕೊಂಡು ಆಡುವವರಿಗೆ ಚಲೋ. ಶಾಟಿಗೊಮ್ಮೆ ಕ್ಯೂ ಬಿಚ್ಚಿ ಸೇರಿಸುವುದು ನನಗೆ ಸರಿಬರುವುದಿಲ್ಲ. ಸೈಡ್ ಹೊಡೆದಾಗ ವೈಟ್ ಪಕ್ಕಕ್ಕೆ ಹಾರುವುದು ಎರಡರಲ್ಲೂ ಬದಲಾಗದು. ಅದನ್ನು ತೀರ್ಮಾನಿಸುವುದು ಟಿಪ್ ಕಡೆಯ ಕೆಲವು ಇಂಚುಗಳ ತೂಕ.

ನಡುವಿನದನ್ನು ಕೊಳ್ಳುವಾಗ ಪಿನ್ (ಜಾಯಿಂಟಿನ ತಿರುಪು) ಅಳತೆ ನೋಡದೆ ದುಡ್ಡು ಕೊಡಬೇಡಿ. 5/16×18, 5/16×14, 3/8×10, ರೇಡಿಯಲ್, ಯೂನಿ-ಲಾಕ್ ಎಲ್ಲ ಬೇರೆ ಬೇರೆ. 5/16×18 ಮತ್ತು 5/16×14 ದಪ್ಪ ಒಂದೇ, ಇಂಚಿಗೆ ಚೂಡಿ (ತಿರುಪಿನ ಎಳೆ) ಬೇರೆ. ಒಂದಕ್ಕೆ ಇನ್ನೊಂದನ್ನು ಹಚ್ಚಿದರೆ ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಅಲ್ಲಿ ಜೋರು ಮಾಡಿದರೆ ಜಾಯಿಂಟಿನ ಚೂಡಿ ಹೋದಂತೆಯೇ.

ಚೂಡಿಯೇ ಇಲ್ಲದ, ಬಂಪರ್ ಬರೀ ಒತ್ತಿ ಕೂರಿಸಿದ ಕ್ಯೂಗಳೇ ಸಾಮಾನ್ಯ ಆಟಗಾರರ ಕೈಯಲ್ಲಿ ಹೆಚ್ಚು. ಅವಕ್ಕೆ ಬಟ್ಟಿನ ಮೇಲೆ ತೂರಿಸುವ ತೋಳೇ (ಪೈಪಿನಂಥ ಕೊಳವೆ) ಗತಿ, ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಪೂಲ್ ಕ್ಯೂ ಬಟ್ಟಿನ ತುದಿ ಸುಮಾರು 31–32 ಮಿ.ಮೀ. 40 ಮಿ.ಮೀ. ಪಿವಿಸಿ ಪೈಪಿನ ಒಳಗೆ ಸುಮಾರು 36 ಮಿ.ಮೀ. ಇರುತ್ತದೆ, ಅಂಗಡಿಯಲ್ಲೇ ವರ್ನಿಯರ್ ಹಿಡಿದು ನೋಡಿ. 12 ಇಂಚು ತುಂಡು ಕತ್ತರಿಸಿ, ಒಂದು ಬಾಯಿಯ ಒಳಗೆ 5 ಇಂಚಿನವರೆಗೆ ಹಳೇ ಸೈಕಲ್ ಟ್ಯೂಬ್ ಎರಡು ಪದರ ಅಂಟಿಸಿ. ಬಟ್ 5 ಇಂಚು ಒಳಗೆ ಹೋಗುತ್ತದೆ, ಸಿಗುವ ಉದ್ದ 7 ಇಂಚು. 4 ಇಂಚಿಗಿಂತ ಕಡಿಮೆ ಒಳಗೆ ಹೋದರೆ ತೋಳು ಕುಣಿಯುತ್ತದೆ. ಟ್ಯೂಬಿನ ಮೇಲಿನ ಬಿಳಿ ಪುಡಿ ಒದ್ದೆ ಬಟ್ಟೆಯಿಂದ ಒರೆಸಲೇಬೇಕು, ಇಲ್ಲದಿದ್ದರೆ ಹಿಂದಕ್ಕೆ ಎಳೆದಾಗ ತೋಳು ಕೈಯಲ್ಲೇ ಬರುತ್ತದೆ. ಪರೀಕ್ಷೆ ಸುಲಭ: ಕ್ಯೂ ನೆಟ್ಟಗೆ ಹಿಡಿದು, ತೋಳು ಕೆಳಗೆ ಮಾಡಿ ನಾಲ್ಕು ಸಲ ಝಾಡಿಸಿ. ಸರಿದರೆ ಇನ್ನೊಂದು ಪದರ. ಬರೀ ಪೈಪಿನ ತೂಕವೇ ಸುಮಾರು 100 ಗ್ರಾಂ ಆಗುತ್ತದೆ. ಅಂತರರಾಷ್ಟ್ರೀಯ ಪೂಲ್ ನಿಯಮದಲ್ಲಿ ಕ್ಯೂ ತೂಕ 25 ಔನ್ಸ್, ಅಂದರೆ ಸುಮಾರು 709 ಗ್ರಾಂ ದಾಟಬಾರದು. ಉದ್ದಕ್ಕೆ ಕನಿಷ್ಠ 40 ಇಂಚು ಅಂತಿದೆ, ಗರಿಷ್ಠ ಮಿತಿ ಇಲ್ಲ. ಕಟ್ಟಿಗೆಯದೇ ಬೇಕೆಂದರೆ ದಾಲ್ ಮಿಲ್ ಕೆಲಸ ಮಾಡುವ ಲೇತ್‌ನವರಿಗೆ ಬಟ್ ಒಯ್ದು ತೋರಿಸಿ. ಬಾಯಿಮಾತಿನ ಅಳತೆ ಬೇಡ.

ಶಾಟಿಗೆ ಬಂದರೆ, ನಾನು ನಿಂತೇ ಎಕ್ಸ್‌ಟೆನ್ಶನ್ ಹಚ್ಚುತ್ತೇನೆ. ಬಗ್ಗಿದ ಮೇಲೆ ಹಚ್ಚಿದರೆ ಗುರಿಯ ಗೆರೆ ಹೋಗುತ್ತದೆ. ಬಿಗಿ ಮಾಡಿ, ಬಟ್ಟನ್ನು ಅಂಗೈ ಮೇಲೆ ತಟ್ಟುತ್ತೇನೆ. ಸಡಿಲ ಇದ್ದರೆ ಸಣ್ಣಗೆ ಝಿರ್ ಅನ್ನುತ್ತದೆ. ಆಮೇಲೆ ಹಿಂದಿನ ಕೈ ಹೊಸ ಜಾಗಕ್ಕೆ. ಇದಕ್ಕೆ 4 ಇಂಚಿನ ಗುರುತಿಗೆ ಒಂದು ಸುತ್ತು ಟೇಪ್ ಹಚ್ಚಿಟ್ಟರೆ ಕಣ್ಣು ಹಾಕಬೇಕಿಲ್ಲ, ಬೆರಳಿಗೇ ತಾಗುತ್ತದೆ. ಹಿಂದಕ್ಕೆ ಎಳೆಯುವುದು ಎಂದಿಗಿಂತ ಕಡಿಮೆ, 4–5 ಇಂಚು. ಭಾರ ಹೆಚ್ಚಿರುವುದರಿಂದ ಎಂದಿನ ಜೋರಿನಲ್ಲಿ ಹೊಡೆದರೆ ವೈಟ್ ಅಂದಾಜಿಗಿಂತ ಮುಂದೆ ಓಡುತ್ತದೆ. ಸ್ಟಾಪ್ ಶಾಟಿನಲ್ಲಿ (ವೈಟ್ ಇನ್ನೊಂದು ಬಾಲಿಗೆ ತಾಗಿ ಅಲ್ಲೇ ನಿಲ್ಲುವ ಹೊಡೆತ) ವೈಟ್ ನಿಲ್ಲದೆ ತೆವಳಿತು ಅಂದರೆ ಹಿಂದಿನ ಕೈ ಕೆಳಗಿಳಿದು ಟಿಪ್ ಮೇಲೆದ್ದಿದೆ.

ಒಂದು ಪಾದ ನೆಲಕ್ಕೆ ಮುಟ್ಟಿರಬೇಕು, ಇಲ್ಲದಿದ್ದರೆ ಫೌಲ್. ನುಣುಪಾದ ಶಾಬಾದಿ ಫರ್ಸಿ ಮೇಲೆ ಚಾಕ್ ಪುಡಿ ಬಿದ್ದಿದ್ದರೆ ತುದಿಗಾಲು ಜಾರುತ್ತದೆ, ಮೊದಲೇ ಒರೆಸಿ. ಸಡಿಲ ಅಂಗಿ ಸಿಕ್ಕಿಸಿಕೊಳ್ಳಿ. ಬಟ್ಟೆ ಬಾಲಿಗೆ ತಾಗಿದರೂ ಖರೇನೇ ಫೌಲು.

ರೆಸ್ಟ್ ಹಿಡಿದಾಗಲೂ ವೈಟ್ ತೀರಾ ದೂರ ಇದ್ದರೆ ಎಕ್ಸ್‌ಟೆನ್ಶನ್ ಹಚ್ಚುತ್ತೇನೆ. ಆಗ ರೆಸ್ಟಿನ ಕೋಲು ಟೇಬಲ್ಲಿಗೆ ಒತ್ತಿರಬೇಕು, ತಲೆ ವೈಟ್‌ನಿಂದ 7 ಇಂಚು ಹಿಂದೆ. ಹೊಡೆದ ಕೂಡಲೇ ರೆಸ್ಟ್ ಎತ್ತಿಕೊಳ್ಳುವವರು ಮರಳಿ ಬರುವ ಬಾಲಿಗೆ ತಾಗಿಸುತ್ತಾರೆ. ಮೊದಲು ಕ್ಯೂ, ಆಮೇಲೆ ರೆಸ್ಟ್.

ಇಲ್ಲಿಯ ಮೇ ತಿಂಗಳ 42–43 ಡಿಗ್ರಿ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟ ಕ್ಯೂ ಒಣಗಿ ಜಾಯಿಂಟ್ ಸಡಿಲಾಗುತ್ತದೆ, ಶಾಫ್ಟ್ ಬಾಗುತ್ತದೆ. ಮಳೆಗಾಲದಲ್ಲಿ ಅದೇ ಜಾಯಿಂಟ್ ಹಿಡಿದುಕೊಂಡು ಬಿಚ್ಚಲಾಗದು. ಚೂಡಿಗೆ ಎಣ್ಣೆ ಬೇಡ. ಕಟ್ಟಿಗೆ ಚೂಡಿಗೆ ಮೇಣದಬತ್ತಿ ಒಂದು ಗೆರೆ ಎಳೆದರೆ ಸಾಕು. ಬಿಚ್ಚಿಟ್ಟ ಬಂಪರ್ ಮಾತ್ರ ಜೇಬಿಗೆ ಹಾಕಿ ಮರೆಯಬೇಡಿ. ಬಂಪರ್ ಇಲ್ಲದ ಬಟ್ಟನ್ನು ಫರ್ಸಿ ಮೇಲೆ ಊರಿದರೆ ಚೂಡಿಯ ಬಾಯಿ ನಗ್ಗುತ್ತದೆ, ಮುಂದಿನ ಸಲ ಎಕ್ಸ್‌ಟೆನ್ಶನ್ ಒಂದು ಸುತ್ತೂ ಏರುವುದಿಲ್ಲ.