ಅಡಿಕೆ ಲಾಟಿನಿಂದ ಆಬ್ಜೆಕ್ಟ್‌ವರೆಗೆ: ಒಂದು ಸೆಮಿಸ್ಟರ್‌ನಲ್ಲಿ ಜಾವಾ ಕಲಿಯುವುದು ಹೇಗೆ?

ಎನ್‌ಕ್ಯಾಪ್ಸುಲೇಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ, ಅಬ್‌ಸ್ಟ್ರ್ಯಾಕ್ಷನ್. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಈ ನಾಲ್ಕು ಮೂಲ ಕಲ್ಪನೆಗಳ ವ್ಯಾಖ್ಯೆ ಬಾಯಿಪಾಠ ಮಾಡಿ ಇಂಟರ್ನಲ್‌ನಲ್ಲಿ ಅಂಕ ತೆಗೆದವರೇ ಲ್ಯಾಬ್‌ನಲ್ಲಿ ಖಾಲಿ ಪರದೆ ನೋಡುತ್ತ ಕೂತುಬಿಡುತ್ತಾರೆ. ಶಿರಸಿಯಲ್ಲಿ ಬಿಸಿಎ ಮಕ್ಕಳಿಗೆ ಸಂಜೆ ಪಾಠ ಹೇಳುವ ನನಗೆ ಪ್ರತಿ ವರ್ಷ ಇದೇ ಸಂಕಟ. ಪುಸ್ತಕದಲ್ಲಿ ಒಂದು ವಾರ ಕಾರು, ಮುಂದಿನ ವಾರ ಬ್ಯಾಂಕು, ಆಮೇಲೆ ನಾಯಿ-ಬೆಕ್ಕು. ಯಾವ ಉದಾಹರಣೆಯೂ ಬೆಳೆಯುವುದಿಲ್ಲ. ಸೆಮಿಸ್ಟರ್ ಪೂರ್ತಿ ಒಂದೇ ಪ್ರೋಗ್ರಾಂ ಬೆಳೆಸಿ. ನಮ್ಮ ಕಡೆಯವರಿಗೆ ಅಡಿಕೆ ಕೊಳ್ಳುವ-ಮಾರುವ ವಖಾರಿ ಸಾಕು.

ಮೊದಲ ವಾರ ಪೆನ್ನು-ಕಾಗದ ಹಿಡಿದು ವಖಾರಿಗೇ ಹೋಗಿ. ಕಂಡ ನಾಮಪದಗಳನ್ನು ಒಂದು ಕಡೆ ಬರೆಯಿರಿ: ಬೆಳೆಗಾರ, ಲಾಟು (ಒಟ್ಟಾಗಿ ಮಾರುವ ಅಡಿಕೆ ರಾಶಿ), ದರ. ಕ್ರಿಯಾಪದಗಳನ್ನು ಇನ್ನೊಂದು ಕಡೆ: ತೂಗು, ಟೆಂಡರ್ ಹಾಕು, ಬಿಲ್ ಮಾಡು. ನಾಮಪದಗಳಲ್ಲಿ ಕೆಲವು ಕ್ಲಾಸ್ ಆಗುತ್ತವೆ, ಕೆಲವು ಅದರೊಳಗಿನ ಫೀಲ್ಡ್ (ಮಾಹಿತಿ), ಕ್ರಿಯಾಪದಗಳು ಮೆಥಡ್ (ಮಾಡುವ ಕೆಲಸ). ಕ್ಲಾಸ್ ಎಂಬ ಕಲ್ಪನೆ ಹುಟ್ಟಿದ್ದೂ ಹೊರಗಿನ ಜಗತ್ತನ್ನು ಕಂಪ್ಯೂಟರಿನಲ್ಲಿ ಅನುಕರಿಸಲಿಕ್ಕೆಂದೇ. ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ 1967ರಲ್ಲಿ ರೂಪಿಸಿದ ಸಿಮುಲಾ 67 ಭಾಷೆಯಲ್ಲಿ ಅದು ಮೊದಲು ಬಂತು. ಜಾವಾ ಹೊರಬಂದದ್ದು 1995ರಲ್ಲಿ.

ಎರಡನೇ ವಾರದಿಂದ ಕೋಡ್ ಬರೆಯಿರಿ. ಲಾಟಿನಲ್ಲಿ ಏನೇನು ಇರಬೇಕೆಂಬ ನಮೂನೆ ಕ್ಲಾಸ್. ನಿನ್ನೆ ಸಾಲ್ಕಣಿ ಊರಿನಿಂದ ಬಂದಿಳಿದ ಚೀಲಗಳ ಲಾಟು ಆಬ್ಜೆಕ್ಟ್. ಇಲ್ಲಿ ಅವಸರ ಬೇಡ, ಹೆಚ್ಚಿನವರು ಎಡವುವುದು ಇಲ್ಲೇ. ‘ಲಾಟ್1’ರ ತೂಕ 4 ಕ್ವಿಂಟಲ್ ಇಡಿ. ‘ಲಾಟ್2 = ಲಾಟ್1’ ಎಂದು ಬರೆದು, ‘ಲಾಟ್2’ರ ತೂಕವನ್ನು 6 ಮಾಡಿ. ಈಗ ‘ಲಾಟ್1’ರ ತೂಕ ಪ್ರಿಂಟ್ ಮಾಡಿದರೆ 6 ಬರುತ್ತದೆ! ಲಾಟು ಒಂದೇ, ಅದಕ್ಕೆ ಕಟ್ಟಿದ ಚೀಟಿ ಎರಡು. ಹೊಸ ಆಬ್ಜೆಕ್ಟ್ ಹುಟ್ಟಿಸುವ ಪದ ‘ನ್ಯೂ’. ಅದು ಎಷ್ಟು ಸಲ ಓಡಿತೋ ಅಷ್ಟೇ ಆಬ್ಜೆಕ್ಟ್. ನೋಟ್‌ಬುಕ್ಕಿನಲ್ಲಿ ಚೌಕ ಬರೆದು, ಚೀಟಿಯಿಂದ ಚೌಕಕ್ಕೆ ಬಾಣ ಎಳೆಯುವ ಅಭ್ಯಾಸ ಮಾಡಿ. ಒಂದೇ ತೂಕದ ಎರಡು ಬೇರೆ ಲಾಟುಗಳನ್ನು ಜೋಡಿ-ಸಮ ಚಿಹ್ನೆಯಿಂದ (==) ಹೋಲಿಸಿದರೆ ‘ಫಾಲ್ಸ್’ ಯಾಕೆ ಬರುತ್ತದೆ, ‘ಈಕ್ವಲ್ಸ್’ ಮೆಥಡ್ಡನ್ನು ನಾವೇ ಯಾಕೆ ಬರೆಯಬೇಕು ಎನ್ನುವುದೂ ಆ ಚಿತ್ರದಲ್ಲೇ ಕಾಣುತ್ತದೆ.

ಬಳಿಕ ತೂಕವನ್ನು ಪ್ರೈವೇಟ್ ಮಾಡಿ. ಹೊರಗಿನ ಯಾವ ಸಾಲಿನಿಂದಲೂ ಅದಕ್ಕೆ ಮೈನಸ್ 40 ಹಾಕಲು ಆಗಬಾರದು. ‘ತೂಗು’ ಮೆಥಡ್ ಪರೀಕ್ಷಿಸಿಯೇ ಒಳಗೆ ಬಿಡಬೇಕು. ಎನ್‌ಕ್ಯಾಪ್ಸುಲೇಷನ್ ಎಂದರೆ ಇದೇ. ಎಲ್ಲ ಫೀಲ್ಡಿಗೂ ಕಣ್ಣು ಮುಚ್ಚಿ ಸೆಟ್ಟರ್ (ಹೊರಗಿನಿಂದ ಬೆಲೆ ಬದಲಿಸಲು ಬಿಡುವ ಮೆಥಡ್) ಬರೆದರೆ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲೇ ಇಟ್ಟಂತೆ.

ಸೆಮಿಸ್ಟರಿನ ನಡುಭಾಗಕ್ಕೆ ಇನ್‌ಹೆರಿಟೆನ್ಸ್, ಅಂದರೆ ಒಂದು ಕ್ಲಾಸಿನ ಗುಣಗಳು ಇನ್ನೊಂದಕ್ಕೆ ಬರುವುದು. ‘ಅಡಿಕೆ’ ಅಬ್‌ಸ್ಟ್ರ್ಯಾಕ್ಟ್ ಕ್ಲಾಸ್, ಅದರಿಂದ ನೇರವಾಗಿ ಆಬ್ಜೆಕ್ಟ್ ಮಾಡಲಾಗದು. ‘ಚಾಲಿ’, ‘ಕೆಂಪಡಿಕೆ’ ಅದರ ಮಕ್ಕಳು. ‘ಸಂಸ್ಕರಿಸು’ ಎಂಬ ಮೆಥಡ್ಡಿಗೆ ತಂದೆಯಲ್ಲಿ ಹೆಸರು ಮಾತ್ರ. ಚಾಲಿ ಅದನ್ನು ಹಣ್ಣಡಿಕೆ ತಿಂಗಳಿಗೂ ಹೆಚ್ಚು ಕಾಲ ಬಿಸಿಲಿಗೆ ಒಣಗಿಸಿ ಸುಲಿಯುವುದು ಎಂದುಕೊಳ್ಳುತ್ತದೆ. ಕೆಂಪಡಿಕೆ, ಹಸಿ ಇರುವಾಗಲೇ ಸುಲಿದು ಹಂಡೆಯಲ್ಲಿ ಬೇಯಿಸಿ ಒಣಗಿಸುವುದು ಎಂದು. ಎಲ್ಲವನ್ನೂ ಒಂದೇ ಲಿಸ್ಟಿಗೆ ಸೇರಿಸಿ, ಲೂಪ್‌ನಲ್ಲಿ ‘ಸಂಸ್ಕರಿಸು’ ಎಂದು ಕರೆಯಿರಿ. ‘ಇದು ಚಾಲಿಯೋ, ಕೆಂಪೋ’ ಎಂದು ಕೇಳುವ ಇಫ್-ಎಲ್ಸ್ ಒಂದೂ ಬೇಡ. ನಾಳೆ ಮೂರನೇ ಬಗೆ ಸೇರಿಸಿದರೂ ಲೂಪ್ ಮುಟ್ಟುವ ಕೆಲಸವಿಲ್ಲ. ಪಾಲಿಮಾರ್ಫಿಸಂ ಎಂದರೆ ಇದೇ.

ನಾನು ವಿದ್ಯಾರ್ಥಿಯಾಗಿದ್ದಾಗ, ಹೆಸರು-ಊರಿನ ಫೀಲ್ಡ್ ಪುಕ್ಕಟೆ ಸಿಗುತ್ತದೆಂದು ‘ಲಾಟ್’ ಅನ್ನು ‘ಬೆಳೆಗಾರ’ನ ಮಗು ಮಾಡಿದ್ದೆ. ಒಬ್ಬ ಬೆಳೆಗಾರ ಎರಡು ಲಾಟು ತಂದ ದಿನ ಇಡೀ ಪ್ರೋಗ್ರಾಂ ಕಿತ್ತು ಬರೆಯಬೇಕಾಯಿತು. ಚಾಲಿ ಒಂದು ಬಗೆಯ ಅಡಿಕೆ, ಸರಿ. ಲಾಟು ಒಂದು ಬಗೆಯ ಬೆಳೆಗಾರ ಅಲ್ಲ. ಲಾಟಿಗೆ ಬೆಳೆಗಾರ ಇದ್ದಾನೆ. ಬಾಯಿಬಿಟ್ಟು ಹೇಳಿ ನೋಡಿ, ಕಿವಿಗೇ ಗೊತ್ತಾಗುತ್ತದೆ.

ಇಂಟರ್‌ಫೇಸ್, ಪ್ಯಾಕೇಜ್, ಫೈಲ್‌ಗೆ ಬರೆಯುವುದು ಇವೆಲ್ಲ ಇದೇ ಪ್ರೋಗ್ರಾಮಿಗೆ ವಾರಕ್ಕೊಂದರಂತೆ ಸೇರುತ್ತ ಹೋಗಲಿ. ಎಕ್ಸೆಪ್ಷನ್‌ಗೆ (ನಡೆಯಬಾರದ್ದು ನಡೆದಾಗ ಪ್ರೋಗ್ರಾಂ ಕೊಡುವ ಎಚ್ಚರಿಕೆಗೆ) ಮಾತ್ರ ಕರಾವಳಿಯ ಉದಾಹರಣೆ ಇನ್ನೂ ಚೆಂದ. ಕಾರವಾರದವರಾದರೆ ವಖಾರಿಯ ಬದಲು ಬೈತಖೋಲ ಬಂದರು ತೆಗೆದುಕೊಳ್ಳಿ: ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿಗೂ ಮೀನಿನ ಹಿಂಡಿನ ಸುತ್ತ ಬಲೆ ಬಿಡುವ ಪರ್ಸಿನ್ ಬೋಟಿಗೂ ‘ಬಲೆ ಹಾಕು’ ಬೇರೆ ಬೇರೆ. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿದೆಯಲ್ಲ. ‘ಹೊರಡು’ ಮೆಥಡ್ಡಿಗೆ ಜೂನ್ 20ರ ದಿನಾಂಕ ಕೊಟ್ಟು ನೋಡಿ. ಅದು ಎಕ್ಸೆಪ್ಷನ್ ಎಸೆಯಬೇಕು, ಕ್ಯಾಚ್ ಬ್ಲಾಕ್ ಅದನ್ನು ಹಿಡಿಯಬೇಕು, ಬೋಟು ದಕ್ಕೆಯಲ್ಲೇ ನಿಲ್ಲಬೇಕು.